ಮರುವಾಯಿ ಚಿಪ್ಪಿನ ಸುಣ್ಣ, ಮೆಕ್ಸಿಕೋದ ರೊಟ್ಟಿ

ಸುಣ್ಣ ಮಾಡಿಕೊಡು ಎಂದು ನನ್ನನ್ನು ಯಾರೂ ಕೇಳಿರಲಿಲ್ಲ. ನನಗೆ ಗೊತ್ತುಂಟು, ನಾನು ಮಾಡಿಕೊಡ್ತೇನೆ ಎಂದು ನಾನೇ ಮುಂದೆ ಬಿದ್ದು ಹೇಳಿದ್ದು. ಇದನ್ನು ಮೊದಲೇ ಬರೆದುಬಿಡುತ್ತೇನೆ. ಕೊನೆಗೆ ಬರೆದರೆ ನೆವ ಹೇಳಿದ ಹಾಗೆ ಆಗುತ್ತದೆ.

ಕುವೈತಿನ ಎಗೈಲಾದ ಮಾಲ್ ಒಂದರಲ್ಲಿ ನಾವು ಕೆಲಸಕ್ಕಿದ್ದ ಹೋಟೆಲಿನವರು ಮೆಕ್ಸಿಕೋ ದೇಶದ ಹಳೆಯ ಮಾರ್ಕೆಟಿನ ಊಟ ಎಂದು ಹೊಸ ವಿಭಾಗವೊಂದನ್ನು ತೆರೆಯುವವರಿದ್ದರು. ಅಲ್ಲಿನ ಮಾರ್ಕೆಟುಗಳಲ್ಲಿ ಇರುವ ಹಾಗೆಯೇ ಸಣ್ಣ ಸಣ್ಣ ಕಟ್ಟೆಗಳು, ಎದುರಿಗೆ ಮರದ ಬೆಂಚು, ಗಿರಾಕಿ ಕೂತು ನೋಡುತ್ತಿರುವಾಗಲೇ ಮೆಕ್ಕೆಜೋಳ ಅರೆದು, ತಟ್ಟಿ, ಕಾವಲಿಯಲ್ಲಿ ಸುಟ್ಟು ಬಿಸಿ ರೊಟ್ಟಿ ಕೊಡುವುದು. ಕಲಿಸಲಿಕ್ಕೆ ಆ ದೇಶದಿಂದಲೇ ಒಬ್ಬ ಹೆಂಗಸನ್ನು ಒಂದು ತಿಂಗಳ ಮಟ್ಟಿಗೆ ಕರೆಸಿದ್ದರು. ಅರುವತ್ತರ ಹತ್ತಿರದ ಪ್ರಾಯ, ಗಿಡ್ಡ ಆಳು, ಬೆನ್ನ ಮೇಲೆ ಎರಡು ಜಡೆ. ಮೂವತ್ತು ವರ್ಷ ತನ್ನ ಊರಿನ ಮಾರ್ಕೆಟಿನಲ್ಲಿ ರೊಟ್ಟಿ ತಟ್ಟಿದವರು. ನಾವೆಲ್ಲ ಸೆನ್ಯೋರಾ ಎಂದು ಕರೆಯುತ್ತಿದ್ದೆವು. ಅವರಿಗೆ ಬರುತ್ತಿದ್ದ ಇಂಗ್ಲಿಷು ನನಗೆ ಬರುತ್ತಿದ್ದಷ್ಟೇ. ಹಾಗಾಗಿ ನಮಗಿಬ್ಬರಿಗೆ ಚೆನ್ನಾಗಿ ಹೊಂದಿತು.

ಅಡುಗೆಮನೆಯಲ್ಲಿ ನನ್ನದು ಎರಡನೆಯ ಜಾಗ. ಮುಖ್ಯ ಅಡುಗೆಯವರು ರಜೆಯಲ್ಲಿ ಹೋದವರು ತಿರುಗಿ ಬರುವುದಿಲ್ಲವೆಂದು ಸುದ್ದಿ ಕಳಿಸಿದ್ದರು. ಮ್ಯಾನೇಜರ್ ನಮ್ಮ ಮಂಗಳೂರು ಕಡೆಯವರೇ. "ನೋಡು, ಈ ಮೆಕ್ಸಿಕೋದ್ದು ನೀನು ಸರಿಯಾಗಿ ನಿಲ್ಲಿಸಿದ್ರೆ ಆ ಉದ್ದ ಟೊಪ್ಪಿ ನಿನ್ನ ತಲೆಗೆ" ಎಂದಿದ್ದರು. ಆರನೇ ಕ್ಲಾಸಿಗೆ ಶಾಲೆ ಬಿಟ್ಟವನನ್ನು ಅಂಥ ಒಂದು ಮಾತು ಎಷ್ಟು ಮೇಲೆ ಹತ್ತಿಸುತ್ತದೆ ಎನ್ನುವುದು ಶಾಲೆ ಮುಗಿಸಿದವರಿಗೆ ಗೊತ್ತಾಗಲಿಕ್ಕಿಲ್ಲ.

ಇನ್ನೊಬ್ಬರ ವಿಷಯ ಹೇಳಬೇಕು. ಕೆಂಡದ ಒಲೆಯಲ್ಲಿ ಮೀನು, ಮಾಂಸ ಸುಡುತ್ತಿದ್ದವರು ಬಂಟ್ವಾಳ ಕಡೆಯ ಬ್ಯಾರಿ ಮುಸಲ್ಮಾನರು, ನನಗಿಂತ ಹತ್ತು ವರ್ಷ ದೊಡ್ಡವರು. ಇಡೀ ಅಡುಗೆಮನೆಗೆ ಅವರು ಕಾಕ. ನಾನು ಕೊಂಕಣಿ ಮಾತಾಡುವ ಕ್ರಿಸ್ತುವ, ಊರಿನ ರೂಢಿಯಂತೆ ಅವರಿಗೆ ನಾನು ಪೊರ್ಬು. ಏಳು ವರ್ಷ ಒಂದೇ ಕೋಣೆಯಲ್ಲಿ ಮಲಗಿದವರು ನಾವು. ಮಾತಾಡಿದ್ದು ತುಳುವಿನಲ್ಲಿ, ಜಗಳ ಮಾಡಿದ್ದೂ ತುಳುವಿನಲ್ಲಿ.

ಸೆನ್ಯೋರಾ ಬಂದ ಮರುದಿನ ಮ್ಯಾನೇಜರ್ ಅವರಿಗೆ ಹೊಸ ಒಲೆ, ಹೊಸ ಕಾವಲಿ ತೋರಿಸಲು ಹೊರಟರು. ಆಕೆ ಕೈಯಾಡಿಸಿ, "ಮೊದಲು ಮಾರ್ಕೆಟ್" ಎಂದರು. ಹೋಟೆಲಿನ ವ್ಯಾನಿನಲ್ಲಿ ನಾನೂ ಕಾಕನೂ ಅವರನ್ನು ಕುವೈತ್ ಸಿಟಿಯ ಹಳೆಯ ಮಾರ್ಕೆಟು ಮುಬಾರಕಿಯಾಕ್ಕೆ ಕರೆದುಕೊಂಡು ಹೋದೆವು. ಅಷ್ಟು ವರ್ಷ ಅಲ್ಲಿಂದ ಸಾಮಾನು ಹೊತ್ತವನು ನಾನು. ಆದರೆ ಮಾರ್ಕೆಟ್ ಎನ್ನುವುದನ್ನು ಹಾಗೆ ನೋಡಬಹುದೆಂದು ತಿಳಿದದ್ದು ಅವತ್ತು. ಮೊದಲ ಸುತ್ತಿನಲ್ಲಿ ಆಕೆ ಏನನ್ನೂ ಮುಟ್ಟಲಿಲ್ಲ, ಬರೇ ನಡೆದರು. ಎರಡನೆಯ ಸುತ್ತಿನಲ್ಲಿ ಮೂಸಿದರು. ಖರ್ಜೂರ, ಒಣಗಿಸಿದ ಕಪ್ಪು ನಿಂಬೆ, ಏಲಕ್ಕಿ, ಇರಾನಿನ ಒಣ ಗುಲಾಬಿ. ಕಪ್ಪು ನಿಂಬೆಯನ್ನು ಹಲ್ಲಿನಲ್ಲಿ ಒಡೆದು ಮೂಗಿಗೆ ಹಿಡಿದು ಕಣ್ಣು ಮುಚ್ಚಿ ಬಹಳ ಹೊತ್ತು ನಿಂತರು. ಅಂಗಡಿಯ ಮುದುಕ ಹೆದರಿ ಕುರ್ಚಿ ತಂದ. ಮೂರನೆಯ ಸುತ್ತಿನಲ್ಲಿ ಮಾತ್ರ ಚೀಲ ಬಿಚ್ಚಿದ್ದು.

ಮೀನಿನ ಸಾಲಿಗೆ ಬಂದಾಗ ಒಂದೊಂದೇ ಮಾಂಜಿ ಮೀನನ್ನು ಎತ್ತಿ, ತಿರುಗಿಸಿ, ಬಾಲ ಬಗ್ಗಿಸಿ ನೋಡತೊಡಗಿದರು.

"ಎಂತ ಪೊರ್ಬು, ಇವ್ರು ಮೀನು ತಗೊಳ್ಳಿಕ್ಕೆ ಬಂದದ್ದಾ, ಮಗನಿಗೆ ಹೆಣ್ಣು ನೋಡ್ಲಿಕ್ಕೆ ಬಂದದ್ದಾ?" ಎಂದರು ಕಾಕ.

ಆಕೆ ಏನು ಎಂದು ಕೇಳಿದರು. ನಾನು ಹೇಳಿದೆ. ನಕ್ಕುಬಿಟ್ಟು, "ಹೆಣ್ಣಾದರೆ ಇಷ್ಟು ನೋಡುವುದಿಲ್ಲ" ಎಂದರು.

ಕಾಕನಿಗೆ ಖುಷಿಯಾಯಿತು. ಮೀನಿನ ವಿಷಯದಲ್ಲಿ ಅವರು ಯಾರನ್ನೂ ನಂಬುವವರಲ್ಲ. ಮೀನನ್ನು ಅವರ ಕೈಯಿಂದ ತೆಗೆದುಕೊಂಡು, "ಬಾಲ ಬಿಡಿ ಅಮ್ಮ, ಕಣ್ಣು ನೋಡಿ. ಕಣ್ಣು ಉಬ್ಬಿ ಹೊಳೀಬೇಕು. ಬೆಳ್ಳಗಾದ್ರೆ ಮುಗೀತು, ಖಲಾಸ್" ಎಂದು ತೋರಿಸಿದರು. ಆಕೆ ತಲೆಯಾಡಿಸಿದರು. ಅಲ್ಲಿಯೂ ಹಾಗೆಯೇ ಅಂತೆ.

ಊಟಕ್ಕೆ ಎಲ್ಲಿ ಕೂರೋಣ ಎಂದಾಗ, ತಳ್ಳುಗಾಡಿಯಲ್ಲಿ ಸಾಮಾನು ಹೊರುವವರು ಎಲ್ಲಿ ತಿನ್ನುತ್ತಾರೋ ಅಲ್ಲಿಗೇ ಆಗಬೇಕು ಎಂದರು. ಅವರ ಊರಿನ ಮಾರ್ಕೆಟಿನಲ್ಲಿ ಹೊಸಬರಿಗೆ ಅವರು ಹೇಳುತ್ತಿದ್ದದ್ದು ಅದೊಂದೇ ಅಂತೆ: ಬಣ್ಣದ ಬೋರ್ಡು ನೋಡಬೇಡಿ, ಹಮಾಲಿಗಳ ಬೆನ್ನು ಎಲ್ಲಿ ಸಾಲಾಗಿ ಕಾಣುತ್ತದೋ ಅಲ್ಲಿ ಕೂತುಕೊಳ್ಳಿ, ಪಕ್ಕದವನ ತಟ್ಟೆ ತೋರಿಸಿ ಅದೇ ಬೇಕೆನ್ನಿ. ಹಾಗೆಯೇ ಮಾಡಿದೆವು. ಅನ್ನ, ಸುಟ್ಟ ಮಾಂಜಿ, ಟೊಮೆಟೊ ಬೆಳ್ಳುಳ್ಳಿ ಬೇಯಿಸಿದ ದಕ್ಕೂಸ್ ಚಟ್ನಿ, ಅರಬರ ಉಬ್ಬಿದ ರೊಟ್ಟಿ ಖುಬುಸ್. ಚಟ್ನಿಯನ್ನು ಬೆರಳಲ್ಲಿ ನೆಕ್ಕಿ, ಸಂಚಿಯಿಂದ ಒಣಮೆಣಸು ತೆಗೆದು ಚೂರು ಮಾಡಿ ಹಾಕಿ, ನಮ್ಮಿಬ್ಬರ ತಟ್ಟೆಗೂ ಬಡಿಸಿದರು. ಆಮೇಲೆ ಖುಬುಸನ್ನು ಎತ್ತಿ ಹಿಡಿದು, "ಇದು ಗಾಳಿ" ಎಂದರು. "ನನ್ನ ರೊಟ್ಟಿ ಮಣ್ಣು. ಅದಕ್ಕೆ ಸುಣ್ಣ ಬೇಕು. ನನ್ನ ಸುಣ್ಣ ಬಂದರಿನಲ್ಲಿ ಕೂತಿದೆ."

ವಿಷಯ ಹೀಗೆ. ಮೆಕ್ಕೆಜೋಳವನ್ನು ಬರೇ ನೀರಿನಲ್ಲಿ ಬೇಯಿಸಿ ಅರೆದರೆ ಹಿಟ್ಟು ಅಂಟುವುದಿಲ್ಲ, ತಟ್ಟಿದರೆ ಹರಿಯುತ್ತದೆ. ಸುಣ್ಣದ ನೀರಿನಲ್ಲಿ ಬೇಯಿಸಿ ನೆನೆಯಲು ಬಿಟ್ಟರೆ ಸಿಪ್ಪೆ ಕಳಚುತ್ತದೆ, ಮೂರು ನೀರಿನಲ್ಲಿ ತೊಳೆದು ಅರೆದರೆ ಹಿಟ್ಟು ಬೆಣ್ಣೆಯ ಹಾಗೆ ಬರುತ್ತದೆ. ಅವರ ಮಾರ್ಕೆಟಿನಲ್ಲಿ ಮೆಣಸಿನ ರಾಶಿಯ ಪಕ್ಕದಲ್ಲೇ ಸುಣ್ಣದ ಕಲ್ಲು ಮಾರುವ ಅಜ್ಜಿಯಂದಿರು ಇರುತ್ತಾರಂತೆ. ಅಡುಗೆಗೆಂದು ಅಲ್ಲಿಂದ ತಂದ ಸುಣ್ಣ, ಅರೆಯುವ ಕಲ್ಲು, ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿ ಬಂದರಿನ ಕಾಗದಪತ್ರದಲ್ಲಿ ಸಿಕ್ಕಿಬಿದ್ದಿತ್ತು. ಚೀಲದ ಸಿದ್ಧ ಹಿಟ್ಟು ಸಿಗುತ್ತದೆ. ಆದರೆ ಕಣ್ಣೆದುರೇ ಅರೆಯುವುದು ಎಂದು ಬೋರ್ಡು ಬರೆಸಿ ಆಗಿತ್ತು. ಗಾರೆ ಕೆಲಸದ ಸುಣ್ಣದಲ್ಲಿ ಏನೇನು ಕಲಬೆರಕೆಯೋ, ಅದನ್ನು ಊಟಕ್ಕೆ ಹಾಕಲಿಕ್ಕಾಗುವುದಿಲ್ಲ.

ಆಗ ನಾನು ಬಾಯಿ ತೆರೆದೆ.

ನಾನು ಶಾಲೆ ಬಿಟ್ಟು ಹೋದದ್ದು ಅಪ್ಪನ ಸುಣ್ಣದ ಗೂಡಿಗೆ. ಹೊಳೆಯ ಬದಿಯಲ್ಲಿ ಮರುವಾಯಿ ಚಿಪ್ಪು ರಾಶಿ ಹಾಕಿ, ಒಂದು ಹಾಸು ಇದ್ದಿಲು ಒಂದು ಹಾಸು ಚಿಪ್ಪು ಎಂದು ಗೂಡು ತುಂಬಿಸಿ, ಚಕ್ರದ ಗಾಳಿ ಕೊಟ್ಟು ಸುಡುವುದು. ಹನ್ನೊಂದನೆಯ ವಯಸ್ಸಿನಿಂದ ಇಪ್ಪತ್ತರವರೆಗೆ ಅದನ್ನೇ ಮಾಡಿದೆ. ವೀಳ್ಯಕ್ಕೆ ನಮ್ಮ ಗೂಡಿನ ಸುಣ್ಣವೇ ಆಗಬೇಕೆಂದು ದೂರದಿಂದ ಜನ ಬರುತ್ತಿದ್ದರು. ಅಪ್ಪನ ಎಡಗಣ್ಣು ಬೇಯಿಸಿದ ಮೀನಿನ ಕಣ್ಣಿನ ಹಾಗೆ ಬೆಳ್ಳಗಿತ್ತು. ಗೂಡಿನ ಇನ್ನಿಬ್ಬರು ಆಳುಗಳದೂ ಹಾಗೆಯೇ. ಬೆಂಕಿಯ ಶಾಖಕ್ಕೆ ಹಾಗಾಗುವುದೆಂದು ಮನೆಯಲ್ಲಿ ಹೇಳುತ್ತಿದ್ದರು. ನಾವು ಹೆಚ್ಚು ಕೇಳಿದ್ದೂ ಇಲ್ಲ. ಆ ಕೆಲಸದವರ ಗುರುತು ಅದು ಎಂದುಕೊಂಡಿದ್ದೆವು.

"ಸುಣ್ಣವಾ? ನನ್ನ ಕೈಯ ಸುಣ್ಣಕ್ಕಿಂತ ಒಳ್ಳೇದು ಅವರ ದೇಶದಲ್ಲೂ ಸಿಗ್ಲಿಕ್ಕಿಲ್ಲ" ಎಂದು ಕಾಕನಿಗೆ ಹೇಳಿದೆ.

"ಈ ಮರಳುಗಾಡಿನಲ್ಲಿ ಗೂಡು ಕಟ್ತೀಯಾ? ಇಕಾಮಾ ಉಂಟಾ ಗೂಡಿಗೆ?" ಎಂದರು ಕಾಕ. ಆ ದೇಶದಲ್ಲಿ ಉಳಿಯಲು ನಮಗೆಲ್ಲ ಬೇಕಾದ ಪರವಾನಗಿ ಅದು.

ಮೂರು ದಿನ ಸಮುದ್ರ ಇಳಿದ ಹೊತ್ತಿನಲ್ಲಿ ದಂಡೆಗೆ ಹೋಗಿ ಸತ್ತ ಚಿಪ್ಪು ಆರಿಸಿದೆವು. ನಮ್ಮ ಮರುವಾಯಿಯಷ್ಟು ದಪ್ಪವಲ್ಲ, ಆದರೂ ಅದೇ ಜಾತಿ. ಸಿಹಿನೀರಿನಲ್ಲಿ ನಾಲ್ಕು ಸಲ ತೊಳೆದು ಮಾಳಿಗೆಯ ಮೇಲೆ ಒಣಗಿಸಿದೆ. ವಫ್ರಾದ ಒಂದು ತೋಟದಲ್ಲಿ ಕಾಕನ ಗುರುತಿನವರೊಬ್ಬರು ಟೊಮೆಟೊ ನೋಡಿಕೊಂಡಿದ್ದರು. ರಜೆಯ ದಿನ ವ್ಯಾನಿನಲ್ಲಿ ಅಲ್ಲಿಗೆ ಹೋದೆವು. ಹಸಿರು ಪರದೆಯ ಮನೆಗಳ ಹಿಂದೆ ಬಯಲಿನಲ್ಲಿ ಹಳೆಯ ಕಬ್ಬಿಣದ ಡ್ರಮ್ಮಿಗೆ ಬುಡದಲ್ಲಿ ತೂತು ಕೊರೆದು, ಕೆಂಡ ಊದುವ ಬ್ಲೋವರ್ ಜೋಡಿಸಿ, ಇದ್ದಿಲು ಚಿಪ್ಪು ಇದ್ದಿಲು ಚಿಪ್ಪು ಎಂದು ಕತ್ತಿನವರೆಗೆ ತುಂಬಿಸಿದೆ. ಮೊದಲ ಸಲ ಗಾಳಿ ಸಾಲದೆ ಚಿಪ್ಪು ಬರೇ ಕಪ್ಪಾಯಿತು. ಕಾಕ ಒಂದು ಚಿಪ್ಪು ಎತ್ತಿ ತಟ್ಟಿ, "ನಿನ್ನ ಅಪ್ಪ ನೋಡಿದ್ರೆ ಈ ಡ್ರಮ್ಮಿನಲ್ಲಿ ನಿನ್ನನ್ನೇ ಹಾಕ್ತಿದ್ರು" ಎಂದರು. ಎರಡನೆಯ ಸಲ ಎರಡು ಬ್ಲೋವರ್ ಇಟ್ಟೆ. ಮೂರು ಗಂಟೆಯಲ್ಲಿ ಡ್ರಮ್ಮಿನ ಹೊಟ್ಟೆ ಕೆಂಪಾಗಿ, ಆಮೇಲೆ ಹಳದಿಯಾಗಿ ಉರಿಯಿತು. ತಣಿದ ಮೇಲೆ ನೋಡಿದರೆ ಚಿಪ್ಪು ಚಿಪ್ಪಿನ ಆಕಾರದಲ್ಲೇ ಇದೆ, ಹಾಲಿನ ಬಣ್ಣ, ಹತ್ತಿಯ ಹಾಗೆ ಹಗುರ. ಒಂದರ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿದೆ. ಅದು ಸುಯ್ಯೆಂದು ಉಸಿರೆಳೆದು, ಬಿರಿದು, ಹಬೆಬಿಟ್ಟು ಪುಡಿಯಾಗಿ ಕುಸಿಯಿತು.

ಅಪ್ಪ ಸತ್ತು ಬಹಳ ವರ್ಷವಾಗಿತ್ತು. ಅವರ ಕೈ ನನ್ನ ಕೈಯಲ್ಲಿ ಇನ್ನೂ ಉಂಟು ಎಂದು ಅವತ್ತು ಅನಿಸಿತು. ಅನಿಸಿದ್ದನ್ನು ಬಚ್ಚಿಡಲಿಲ್ಲ. ತೋಟದ ಕೆಲಸದವರೆಲ್ಲ ಸುತ್ತ ನಿಂತು ನೋಡುತ್ತಿದ್ದರು. ನಾನು ಇನ್ನೂ ನಾಲ್ಕು ಚಿಪ್ಪು ಅರಳಿಸಿ ತೋರಿಸಿದೆ.

ಸೆನ್ಯೋರಾ ಆ ಸುಣ್ಣವನ್ನು ನಾಲಿಗೆಯ ತುದಿಗೆ ಇಟ್ಟು ನೋಡಿ, ನನ್ನ ಭುಜಕ್ಕೆ ಗುದ್ದಿದರು. ಸಿಟಿಯ ಧಾನ್ಯದ ಅಂಗಡಿಯಿಂದ ತಂದ ಬಿಳಿ ಮೆಕ್ಕೆಜೋಳ, ಕಿಲೋ ಜೋಳಕ್ಕೆ ಒಂದು ಚಮಚ ಅರಳಿದ ಸುಣ್ಣ, ಸಣ್ಣ ಉರಿ, ಬೆಳಗಿನವರೆಗೆ ನೆನೆಯುವುದು. ಮೊದಲ ದಿನವೇ ಸಿಪ್ಪೆ ಬೆರಳಲ್ಲಿ ಜಾರಿತು. ನಮ್ಮ ದೋಸೆಯ ಗ್ರೈಂಡರಿನಲ್ಲಿ ಅರೆದು ತಟ್ಟಿದ ರೊಟ್ಟಿ ಕಾವಲಿಯ ಮೇಲೆ ಉಬ್ಬಿದಾಗ ಆಕೆ ಏನೋ ತಮ್ಮ ಭಾಷೆಯಲ್ಲಿ ಕೂಗಿ ಶಿಲುಬೆಯ ಗುರುತು ಹಾಕಿಕೊಂಡರು. ನಾನೂ ಹಾಕಿಕೊಂಡೆ. ಕಾಕ ಸುಟ್ಟ ಮೀನನ್ನು ಅದರಲ್ಲಿ ಸುತ್ತಿ ತಿಂದು, "ಒಳ್ಳೇದುಂಟು. ಆದ್ರೆ ನಮ್ಮ ಅಕ್ಕಿರೊಟ್ಟಿಯ ತಂಗಿ, ಅಕ್ಕ ಅಲ್ಲ" ಎಂದರು.

ಇಲ್ಲಿಯವರೆಗೆ ಎಲ್ಲವೂ ಸರಿ. ತಪ್ಪಾದದ್ದು ಎಲ್ಲಿ ಎಂದು ನಾನು ಬಹಳ ಸಲ ಲೆಕ್ಕ ಹಾಕಿದ್ದೇನೆ. ಸುಣ್ಣದ ವಿದ್ಯೆ ನನ್ನದು, ನನ್ನೊಬ್ಬನದು ಎಂದು ಇಟ್ಟುಕೊಂಡದ್ದು ಮೊದಲ ತಪ್ಪು. ಸುಟ್ಟ ಚಿಪ್ಪಿನ ಡಬ್ಬಿಯನ್ನು ಯಾರೂ ಮುಟ್ಟಬಾರದು ಎಂದು ಹೇಳಿದ್ದೆ. ಯಾಕೆ ಮುಟ್ಟಬಾರದು ಎಂದು ಹೇಳಿರಲಿಲ್ಲ. ಹೇಳಿದರೆ ಅವರಿಗೂ ಗೊತ್ತಾಗಿಬಿಡುತ್ತಿತ್ತಲ್ಲ.

ವಿಭಾಗ ತೆರೆಯುವ ಎರಡು ದಿನ ಮೊದಲು ರುಚಿ ನೋಡುವ ಊಟ ಇಟ್ಟಿದ್ದರು. ಹೋಟೆಲಿನ ಅರಬಿ ಧಣಿ ಕಫೀಲ್, ಅವರ ಮನೆಯವರು, ಅವರ ಸ್ನೇಹಿತರು ಬರುವವರು. ದಿನವೂ ನಾನು ಸುಣ್ಣ ಅರಳಿಸುತ್ತಿದ್ದದ್ದು ಹಿಂದಿನ ಬಾಗಿಲಿನ ಹೊರಗೆ, ಅಗಲ ಬಾಯಿಯ ಮಣ್ಣಿನ ಚಟ್ಟಿಯಲ್ಲಿ, ಒಂದು ಹಿಡಿ ಚಿಪ್ಪಿಗೆ ಸ್ವಲ್ಪ ಸ್ವಲ್ಪವೇ ನೀರು ಚಿಮುಕಿಸಿ. ಅವತ್ತು ನಾಲ್ಕು ದಿನಕ್ಕೆ ಬೇಕಾದಷ್ಟನ್ನು ಒಟ್ಟಿಗೇ ಮಾಡಿಬಿಡುವ ಎಂದು ಹೊರಟೆ. ಹೊರಗೆ ಗಾಳಿಯಿತ್ತು, ಪುಡಿ ಹಾರುತ್ತಿತ್ತು. "ಯಲ್ಲಾ, ಯಲ್ಲಾ, ಹತ್ತೂವರೆ ಆಯ್ತು ಮಾರಾಯ, ಆ ಧೂಳು ಒಂದು ಕಾರಿನ ಮೇಲೆ ಬಿದ್ರೆ ನಾವು ಕೆಟ್ಟೆವು, ಒಳಗೆ ಮಾಡು" ಎಂದು ಮ್ಯಾನೇಜರ್ ಕೂಗಿದರು. ನಾನು ಪಾತ್ರೆ ತೊಳೆಯುವ ಕೋಣೆಯಲ್ಲಿ, ಉಪ್ಪಿನಕಾಯಿ ಬರುವ ದೊಡ್ಡ ಪ್ಲಾಸ್ಟಿಕ್ ಬಕೆಟಿಗೆ ಚಿಪ್ಪು ಸುರಿದು, ಎರಡು ಚೊಂಬು ನೀರು ಒಂದೇ ಸಲ ಹೊಯ್ದು, ಪುಡಿ ಊಟದ ಮೇಲೆ ಹೋಗದಿರಲಿ ಎಂದು ಮುಚ್ಚಳ ಒತ್ತಿ ಹಾಕಿದೆ. ಗೂಡಿನಲ್ಲಿ ಮುಚ್ಚಳ ಹಾಕಿದವರನ್ನು ಅಪ್ಪ ಹೊಡೆಯುತ್ತಿದ್ದರು. ಅದು ನನಗೆ ಗೊತ್ತಿತ್ತು. ಎರಡು ನಿಮಿಷ ಎಂದುಕೊಂಡೆ. ಅಷ್ಟರಲ್ಲಿ ಮ್ಯಾನೇಜರ್, "ಬಾ, ಬಾ, ಕಫೀಲ್ ಬಂದ್ರು, ಸುಣ್ಣ ಮಾಡಿದವ ಯಾರು ಅಂತ ಕೇಳ್ತಿದ್ದಾರೆ" ಎಂದರು. ನಾನು ಏಪ್ರನ್ ಬದಲಾಯಿಸಿ ಮುಂದೆ ಹೋದೆ.

ಕಫೀಲ್ ನನ್ನ ಕೈ ಹಿಡಿದು ಏನೋ ಹೇಳುತ್ತಿದ್ದರು. ಆಗ ಒಳಗಿನಿಂದ ಡಬ್ ಎಂಬ ಸದ್ದು ಕೇಳಿತು. ಆಮೇಲೆ ಕಾಕನ ದನಿ. ಏಳು ವರ್ಷದಲ್ಲಿ ನಾನು ಕೇಳದ ದನಿ ಅದು.

ಬಕೆಟ್ ಉಬ್ಬಿದ್ದನ್ನು ಕಂಡು, ಪೊರ್ಬು ಮರೆತು ಹೋಗಿದ್ದಾನೆ, ಒಡೆದರೆ ಅವನಿಗೆ ಬೈಗುಳ ಎಂದು ಕಾಕ ಮುಚ್ಚಳ ತೆಗೆಯಲು ಬಗ್ಗಿದ್ದರು.

ನಾನು ಹೋದಾಗ ಅವರ ಮುಖ, ಗಡ್ಡ, ಅಂಗಿ ಎಲ್ಲ ಬೆಳ್ಳಗೆ. ಎರಡು ಕೈಯಲ್ಲೂ ಕಣ್ಣು ಮುಚ್ಚಿಕೊಂಡು ನೆಲದ ಮೇಲೆ ಮೊಣಕಾಲೂರಿದ್ದರು. ಸೆನ್ಯೋರಾ ನನಗಿಂತ ಮೊದಲೇ ಅಲ್ಲಿಗೆ ಮುಟ್ಟಿದ್ದರು. ಪಾತ್ರೆ ತೊಳೆಯುವ ಪೈಪನ್ನು ಎಳೆದು ನಲ್ಲಿ ತಿರುಗಿಸಿ, "ಆಗ್ವಾ! ಆಗ್ವಾ! ನೀರು!" ಎಂದು ಕೂಗುತ್ತ ಕಾಕನ ಕೈಗಳನ್ನು ಕಣ್ಣಿನಿಂದ ಬಿಡಿಸುತ್ತಿದ್ದರು.

ನಾನು ಅವರನ್ನು ದೂಡಿದೆ. ಎಷ್ಟು ಜೋರಾಗಿ ಎಂದರೆ ಆಕೆ ಗೋಡೆಗೆ ಹೋಗಿ ಬಿದ್ದರು.

"ನೀರು ಬೇಡ! ನೀರು ಹಾಕ್ಬೇಡಿ! ಸುಣ್ಣಕ್ಕೆ ನೀರು ತಾಗಿದ್ರೆ ಕುದೀತದೆ!" ಎಂದು ಕೂಗಿದೆ.

ಗೂಡಿನವರಿಗೆ ಇದು ಹಾಲು ಕುಡಿಯುವಾಗಲೇ ಗೊತ್ತು. ನೀರು ಬಿದ್ದರೆ ಸುಣ್ಣ ಎದ್ದು ನಿಲ್ಲುತ್ತದೆ. ಮೈಗೆ ಸುಣ್ಣ ಹಾರಿದರೆ ಎಣ್ಣೆ. ಕಣ್ಣಿಗೆ ಹಾರಿದರೂ ಎಣ್ಣೆ. ಅಪ್ಪನಿಗೆ ಅಜ್ಜಿ ಹಾಕಿದ್ದು, ಆಳುಗಳಿಗೆ ಅಪ್ಪ ಹಾಕಿದ್ದು. ನನ್ನ ಚೀಲದಲ್ಲಿ ತಲೆಗೆ ಹಾಕುವ ತೆಂಗಿನೆಣ್ಣೆಯ ಬಾಟಲಿ ಇತ್ತು. ಕಾಕನನ್ನು ಮಲಗಿಸಿ, ತಲೆಯನ್ನು ತೊಡೆಯ ಮೇಲಿಟ್ಟು, ರೆಪ್ಪೆ ಬಿಡಿಸಿ ಎರಡು ಕಣ್ಣಿಗೂ ತುಂಬ ಎಣ್ಣೆ ಹೊಯ್ದೆ. "ಅಲ್ಲಾಡ್ಬೇಡಿ ಕಾಕ, ನಾನಿದ್ದೇನೆ, ಇದೆಲ್ಲ ನನಗೆ ಗೊತ್ತುಂಟು" ಎಂದೆ. ಅವರು ಸುಮ್ಮನಾದರು. ಬಿಗಿದಿದ್ದ ಕೈಗಳು ಸಡಿಲವಾದವು. ಸೆನ್ಯೋರಾ ಗೋಡೆಗೆ ಒರಗಿ, ಪೈಪು ಕೈಯಲ್ಲಿ ಹಿಡಿದುಕೊಂಡೇ ಅಳುತ್ತಿದ್ದರು. ನೀರು ಸುಮ್ಮನೆ ನೆಲದ ಮೇಲೆ ಹರಿಯುತ್ತಿತ್ತು.

ವ್ಯಾನಿನಲ್ಲಿ ಹಿಂದಿನ ಸೀಟಿನಲ್ಲಿ ನಾನೂ ಕಾಕನೂ, ಮುಂದೆ ಮ್ಯಾನೇಜರ್. ದಾರಿಯಲ್ಲಿ ವಾಹನಗಳು ಉದ್ದಕ್ಕೆ ನಿಂತಿದ್ದವು. ಮ್ಯಾನೇಜರ್ ಹಿಂದಕ್ಕೆ ತಿರುಗಿ ಮೆತ್ತಗೆ ಮಾತಾಡಿದರು.

"ಆಸ್ಪತ್ರೆಯಲ್ಲಿ ಬಿಸಿ ಎಣ್ಣೆ ಹಾರಿದ್ದು ಅಂತ ಹೇಳುವ, ಆಯ್ತಾ? ಅಡುಗೆಮನೆಯಲ್ಲಿ ಎಣ್ಣೆ ಹಾರೋದು ದಿನಾ ಆಗುವಂಥದ್ದು. ಸುಣ್ಣ ಅಂತ ಹೇಳಿದ್ರೆ ಎಲ್ಲಿಂದ ತಂದದ್ದು, ಯಾರು ಮಾಡಿದ್ದು, ಊಟಕ್ಕೆ ಹಾಕಿದ್ದಾ ಅಂತ ಬರ್ತಾರೆ. ಹೋಟೆಲ್ ಮುಚ್ಚುತ್ತದೆ. ನಲ್ವತ್ತು ಜನ ಮಾರಾಯ. ಮತ್ತೆ ನಿನ್ನನ್ನು ಮೊದಲು ಹಿಡಿದುಕೊಂಡು ಹೋಗ್ತಾರೆ. ನಿನ್ನ ಒಳ್ಳೇದಕ್ಕೇ ಹೇಳುದು ನಾನು."

ನಾನು ಕಾಕನ ಗಡ್ಡಕ್ಕೆ ಇಳಿದ ಎಣ್ಣೆ ಒರೆಸಿದೆ.

"ಎಂತ ಹೇಳ್ತಾರೆ ಪೊರ್ಬು?" ಎಂದರು ಕಾಕ. ಅವರಿಗೆ ಎಲ್ಲ ಕೇಳಿಸಿತ್ತು.

"ಏನಿಲ್ಲ ಕಾಕ. ಹತ್ತಿರ ಬಂತು" ಎಂದೆ.

ಆಸ್ಪತ್ರೆಯಲ್ಲಿ ಮ್ಯಾನೇಜರ್ ಎಣ್ಣೆ ಎಂದರು. ಅಲ್ಲಿ ಬರೆದುಕೊಂಡರು. ಮುಖಕ್ಕೆಲ್ಲ ತೆಂಗಿನೆಣ್ಣೆ ಮೆತ್ತಿಕೊಂಡಿತ್ತಲ್ಲ, ಸುಳ್ಳಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಮುಖದ ಸುಟ್ಟಗಾಯಕ್ಕೆ ಮುಲಾಮು, ಕಣ್ಣಿಗೆ ಹನಿ ಮದ್ದು, ಮೇಲೆ ಪಟ್ಟಿ, ಕಣ್ಣಿನ ಡಾಕ್ಟರು ಬರುವವರೆಗೆ ಕಾಯಿರಿ. ಗೋಡೆಯ ಗಡಿಯಾರದಲ್ಲಿ ಸದ್ದು ಆದಾಗಿನಿಂದ ಒಂದು ಗಂಟೆ ಹತ್ತಿರವಾಗಿತ್ತು. ನಾನು ಬೆಂಚಿನ ಮೇಲೆ ಕೂತು ಕೊಂಕಣಿಯಲ್ಲಿ ಪ್ರಾರ್ಥನೆ ಗೊಣಗುತ್ತಿದ್ದೆ.

ಪಟ್ಟಿ ಹಾಕಲು ಬಂದ ನರ್ಸ್ ಅದನ್ನು ಕೇಳಿ ತಿರುಗಿ ನೋಡಿದರು. ನಮ್ಮ ಕಡೆಯವರೇ. ಕಾಕನ ರೆಪ್ಪೆಯನ್ನು ಸ್ವಲ್ಪ ಎತ್ತಿ ನೋಡಿ, ಬಗ್ಗಿದ್ದವರು ಎದ್ದು, ಪಟ್ಟಿಯನ್ನು ಪಕ್ಕಕ್ಕಿಟ್ಟು, ಸೀದಾ ನನ್ನ ಹತ್ತಿರ ಬಂದು ಕೊಂಕಣಿಯಲ್ಲಿ ಕೇಳಿದರು:

"ಅಣ್ಣಾ, ಎಣ್ಣೆ ಹಾರಿದ್ದಾದ್ರೆ ರೆಪ್ಪೆಯ ಒಳಗೆ ಬೆಳ್ಳಗೆ ಮೆತ್ತಿಕೊಂಡದ್ದು ಎಂತ?"

ಮ್ಯಾನೇಜರ್ ಎರಡು ಹೆಜ್ಜೆ ದೂರದಲ್ಲಿ ಫೋನಿನಲ್ಲಿದ್ದರು. ನನ್ನನ್ನೇ ನೋಡುತ್ತಿದ್ದರು.

ನಿಜ ಹೇಳುತ್ತೇನೆ. ಆ ಹೊತ್ತಿನಲ್ಲೂ ನನಗೆ ಮೊದಲು ನೆನಪಾದದ್ದು ಟೊಪ್ಪಿ. ಆಮೇಲೆ ಜೈಲು. ಕಾಕನ ಕಣ್ಣು ನೆನಪಾದದ್ದು ಮೂರನೆಯದಾಗಿ.

"ಸುಣ್ಣ. ಸುಟ್ಟ ಸುಣ್ಣ. ನಾನೇ ಮಾಡಿದ್ದು. ಕಣ್ಣಿನೊಳಗೆ ಇನ್ನೂ ಉಂಟು" ಎಂದೆ. ಮ್ಯಾನೇಜರಿಗೂ ಕೇಳಿಸಲಿ ಎಂದು ಇಂಗ್ಲಿಷಿನಲ್ಲಿ ಇನ್ನೊಮ್ಮೆ, ಬರುವಷ್ಟು ಅರಬಿಯಲ್ಲಿ ಮತ್ತೊಮ್ಮೆ ಹೇಳಿದೆ.

ಆಕೆ ಓಡಿದರು. ಅಂಥ ಓಟವನ್ನು ಆಸ್ಪತ್ರೆಯಲ್ಲಿ ನಾನು ನೋಡಿಲ್ಲ. ಇಬ್ಬರು ಡಾಕ್ಟರು ಬಂದರು. ಕಾಕನನ್ನು ಮಂಚದ ಮೇಲೆ ಅಡ್ಡಡ್ಡ ಮಲಗಿಸಿ, ರೆಪ್ಪೆಗಳನ್ನು ಮಗುಚಿ, ಹತ್ತಿಯ ಕಡ್ಡಿಯಲ್ಲಿ ಸುಣ್ಣದ ಹರಳುಗಳನ್ನು ಒಂದೊಂದಾಗಿ ತೆಗೆದರು. ಆಮೇಲೆ ನೀರು. ಬಾಟಲಿಯ ಮೇಲೆ ಬಾಟಲಿ, ಉಪ್ಪುನೀರಿನ ಬಾಟಲಿ, ಕೊಳವೆ ಇಟ್ಟು ಎರಡು ಕಣ್ಣಿಗೂ ಬಿಡದೆ ಹರಿಸಿದರು. ಕೆಳಗಿಟ್ಟ ಬಕೆಟ್ ತುಂಬಿತು, ಚೆಲ್ಲಿ ತಂದಿಟ್ಟರು, ಮತ್ತೆ ತುಂಬಿತು.

ನಾನು ನರ್ಸಿನ ಹತ್ತಿರ ಹೋಗಿ, "ನೀರು ಹಾಕಿದ್ರೆ ಕುದಿಯುದಿಲ್ವಾ ಸಿಸ್ಟರ್?" ಎಂದೆ.

ಆಕೆ ನನ್ನ ಕೈಯಲ್ಲಿದ್ದ ಎಣ್ಣೆಯ ಜಿಡ್ಡು ನೋಡಿದರು. ಎಲ್ಲ ಗೊತ್ತಾಯಿತು ಅವರಿಗೆ. "ಒಂದು ಚಮಚ ನೀರು ಹಾಕಿದ್ರೆ ಕುದೀತದೆ ಅಣ್ಣಾ. ನಲ್ಲಿ ಬಿಟ್ರೆ ತೊಳ್ಕೊಂಡು ಹೋಗ್ತದೆ. ಎಣ್ಣೆ ಹಾಕಿದ್ರೆ ಸುಣ್ಣ ಎಲ್ಲಿಗೂ ಹೋಗುದಿಲ್ಲ. ಅಲ್ಲೇ ಕೂತು ತಿಂತದೆ."

ಆಗ ನನಗೆ ಅಪ್ಪನ ಕಣ್ಣು ಕಂಡಿತು. ಆಳುಗಳ ಕಣ್ಣು ಕಂಡಿತು. ಗೂಡಿನಿಂದ ನೂರು ಹೆಜ್ಜೆ ಕೆಳಗೆ ತುಂಬಿದ ಹೊಳೆ ಹರಿಯುತ್ತಿತ್ತು. ಒಬ್ಬನನ್ನಾದರೂ ಎತ್ತಿಕೊಂಡು ಹೋಗಿ ಅದರಲ್ಲಿ ಮುಳುಗಿಸಿದ್ದರೆ ಸಾಕಾಗಿತ್ತು. ನಾವು ಮನೆಗೆ ಓಡಿ ಎಣ್ಣೆಯ ಗಿಂಡಿ ತರುತ್ತಿದ್ದೆವು. ಬೆಂಕಿಯ ಶಾಖವಲ್ಲ ಅದು. ನಾನು ಅಷ್ಟು ವರ್ಷ ಹೆಮ್ಮೆಯಿಂದ ಕೈಯಲ್ಲಿ ಹಿಡಿದುಕೊಂಡು ಬಂದದ್ದು ಅದೇ ಗಿಂಡಿ.

ಬಲಗಣ್ಣು ಹೋಯಿತು. ಎಡಗಣ್ಣಿನಲ್ಲಿ ಬೆಳಕು, ನೆರಳು, ಹತ್ತಿರ ಬಂದರೆ ಮನುಷ್ಯನ ಆಕಾರ, ಇಷ್ಟು ಉಳಿಯಿತು. ಆ ಗಂಟೆಯಲ್ಲಿ ನಾನು ಬಾಯಿ ಬಿಟ್ಟದ್ದಕ್ಕೆ ಅಷ್ಟಾದರೂ ಉಳಿಯಿತು ಎಂದರು ಡಾಕ್ಟರು. ಆ ಗಂಟೆಗೆ ಮೊದಲಿನ ಗಂಟೆಯ ವಿಷಯ ಅವರು ಹೇಳಲಿಲ್ಲ.

ಪೊಲೀಸರು ಕರೆದಾಗ ಇದ್ದದ್ದನ್ನು ಇದ್ದ ಹಾಗೆ ಹೇಳಿ ಹೆಬ್ಬೆಟ್ಟು ಒತ್ತಿದೆ. ಸಹಿ ಹಾಕಲು ಬರುತ್ತದೆ ನನಗೆ. ಅವತ್ತು ಅಲ್ಲಿ ಕೇಳಿದ್ದು ಹೆಬ್ಬೆಟ್ಟು. ಠಾಣೆಗೂ ಕಚೇರಿಗೂ ಓಡಾಡಿ ಓಡಾಡಿ ಕೊನೆಗೆ ಹೋಟೆಲಿನ ಕೆಲಸ ಹೋಯಿತು, ಜೈಲು ತಪ್ಪಿತು. ಕಾಕ ನನ್ನ ಮೇಲೆ ದೂರಿಲ್ಲ ಎಂದು ಬರೆದುಕೊಟ್ಟದ್ದರಿಂದ ತಪ್ಪಿತು. ಮೆಕ್ಸಿಕೋ ವಿಭಾಗ ಚೀಲದ ಹಿಟ್ಟಿನಲ್ಲಿ ತೆರೆಯಿತು ಎಂದು ಕೇಳಿದೆ. ಸೆನ್ಯೋರಾ ಅದಕ್ಕೆ ಮೊದಲೇ ಹೊರಟುಹೋದರು. ಹೋಗುವ ಮುಂಚೆ ನಮ್ಮ ಕೋಣೆಗೆ ಬಂದು ಬಾಗಿಲಲ್ಲೇ ನಿಂತು ಒಂದು ಮಾತು ಕೇಳಿದರು: "ನನ್ನನ್ನು ಯಾಕೆ ದೂಡಿದೆ? ನಮ್ಮ ಮಾರ್ಕೆಟಿನಲ್ಲಿ ಸುಣ್ಣದ ರಾಶಿಯ ಪಕ್ಕ ಯಾವಾಗಲೂ ನೀರಿನ ಡ್ರಮ್ ಇರುತ್ತದೆ." ಅಡುಗೆಯ ವಿಷಯ ಅಷ್ಟು ಕಲಿಸಿದವರು. ಡ್ರಮ್ಮಿನ ವಿಷಯ ಅವರು ಹೇಳಿರಲಿಲ್ಲ, ನಾನು ಎಲ್ಲ ಗೊತ್ತಿದ್ದವನ ಹಾಗೆ ಇದ್ದೆನಲ್ಲ.

ಕಾಕನಿಗೆ ಊರಿನ ಟಿಕೆಟ್ ಆದ ವಾರ ನಾನು ಅಹ್ಮದಿಯ ಒಂದು ಮೆಸ್ಸಿನಲ್ಲಿ ಅನ್ನ ಬೇಯಿಸುವ ಕೆಲಸಕ್ಕೆ ಸೇರಿದ್ದೆ. ರಜೆ ಹಾಕಿ ಹೋದೆ. ಅವರು ಹಾಸಿಗೆಯ ತುದಿಯಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದರು.

"ಒಂದು ವಿಷಯ ಹೇಳ್ಬೇಕು ಪೊರ್ಬು. ಅವತ್ತು ನೀನು ಎಣ್ಣೆ ಹಾಕಿದ್ದಲ್ವಾ, ತಂಪಾಯ್ತು. ಸುಳ್ಳಲ್ಲ. ಅದಕ್ಕೇ ನಾನು ಸುಮ್ಮನೆ ಮಲಗಿದ್ದು."

ನಾನು ಅವರ ಚಪ್ಪಲಿ ತಂದು ಕಾಲ ಬುಡದಲ್ಲಿಟ್ಟೆ. ಅವರು ಮುಂದುವರಿಸಿದರು.

"ಬಾ, ಮುಬಾರಕಿಯಾಕ್ಕೆ ಹೋಗುವ. ಮಾಂಜಿ ತಿನ್ಬೇಕು. ಆ ಅಮ್ಮ ಕೂತ ಜಾಗದಲ್ಲೇ."

ಬಸ್ಸಿನಲ್ಲಿ ಹೋದೆವು. ಮಾರ್ಕೆಟಿನೊಳಗೆ ಅವರು ನನ್ನ ಭುಜದ ಮೇಲೆ ಕೈಯಿಟ್ಟು ನಡೆದರು. ಖರ್ಜೂರದ ಅಂಗಡಿ, ಕಪ್ಪು ನಿಂಬೆಯ ಅಂಗಡಿ ಬಂದಾಗಲೆಲ್ಲ ನಾನು ಹೇಳುವ ಮೊದಲೇ ಅವರು ಹೆಸರು ಹೇಳಿದರು. ಮೀನಿನ ಸಾಲಿನಲ್ಲಿ ನೆಲ ಒದ್ದೆಯಾಗಿತ್ತು, ನನ್ನ ಭುಜ ಗಟ್ಟಿಯಾಗಿ ಹಿಡಿದುಕೊಂಡರು. ಗುರುತಿನ ಅಂಗಡಿಯವನು ಸಲಾಂ ಹೇಳಿ, ಕನ್ನಡಕ ನೋಡಿ, ಒಂದು ದೊಡ್ಡ ಮಾಂಜಿಯನ್ನು ಮುಂದಿಟ್ಟು, "ತಾಜಾ, ತಾಜಾ" ಎಂದ.

ಕಾಕ ಮೀನಿನ ಮೇಲೆ ಕೈಯಾಡಿಸಿದರು. ಬಾಲ ಬಗ್ಗಿಸಿದರು. ಅಲ್ಲಿಗೆ ನಿಲ್ಲಿಸಿ, ಮುಖವನ್ನು ನನ್ನ ಕಡೆ ತಿರುಗಿಸಿದರು.

"ಕಣ್ಣು ಹೇಗುಂಟು ಪೊರ್ಬು?"

ಅಂಗಡಿಯವನು ಚೆನ್ನಾಗಿದೆ ಎನ್ನು ಎಂದು ನನಗೆ ಸನ್ನೆ ಮಾಡಿದ. ನಾನು ಬಗ್ಗಿ ನೋಡಿದೆ.

"ಬೆಳ್ಳಗಾಗಿದೆ ಕಾಕ."

ಅವರು ಮೀನನ್ನು ಕೆಳಗಿಟ್ಟು ಬೆರಳು ಒರೆಸಿಕೊಂಡರು. ಕೈಯನ್ನು ಮತ್ತೆ ನನ್ನ ಭುಜದ ಮೇಲಿಟ್ಟರು.

"ಹಾಗಾದ್ರೆ ಬೇಡ. ಮುಂದಿನ ಅಂಗಡಿಗೆ ನಡಿ."